ಒಂದು ಬಾಟ್ಲಿ ಒಂದು ಮೂಟೆಗೆ ಸಮವೇ?

ಶಿರ್ವದಲ್ಲಿ ಗದ್ದೆ ಮಾಡುವ ಮಾವ ಈ ಮಳೆಗಾಲದಲ್ಲಿ ನ್ಯಾನೋ ಯೂರಿಯಾ ಬಾಟ್ಲಿ ತೋರಿಸಿ ಕೇಳಿದರು: “ಅಲ್ಲ ಮಾರಾಯ, ಇಷ್ಟು ಸಣ್ಣ ಬಾಟ್ಲಿ ಒಂದು ಮೂಟೆಗೆ ಸಮ ಹೇಗಾಗ್ತದೆ?” ನಾನು ಲೆಕ್ಕ ಹಾಕಿದೆ.

45 ಕಿಲೋ ಯೂರಿಯಾ ಮೂಟೆಯಲ್ಲಿ ಶೇ. 46 ಸಾರಜನಕ, ಅಂದರೆ 20 ಕಿಲೋಗೂ ಹೆಚ್ಚು. ಇಫ್ಕೋ 2021ರಲ್ಲಿ ಹೊರತಂದ 500 ಮಿಲಿ ಬಾಟ್ಲಿಯಲ್ಲಿ ಶೇ. 4, ಅಂದರೆ 20 ಗ್ರಾಂ. ಸಾವಿರ ಪಟ್ಟು ವ್ಯತ್ಯಾಸ! ಒಂದು ಕ್ವಿಂಟಲ್ ಭತ್ತದ ಕಾಳಿನಲ್ಲೇ ಒಂದು ಕಿಲೋಗೂ ಹೆಚ್ಚು ಸಾರಜನಕ ಇರುತ್ತದೆ. ಹನಿಯೂ ಪೋಲಾಗದೆ ಗಿಡ ಹೀರಿಕೊಂಡರೂ 20 ಗ್ರಾಂ ಎರಡು ಕಿಲೋ ಭತ್ತಕ್ಕೆ ಸಾಲದು.

ಸಂಸ್ಥೆಯ ವಾದವನ್ನೂ ಕೇಳಬೇಕು. ಮಣ್ಣಿಗೆ ಹಾಕಿದ ಯೂರಿಯಾದಲ್ಲಿ ದೊಡ್ಡ ಪಾಲು ನೀರು, ಗಾಳಿಗೆ ಹೋಗುತ್ತದೆ. ನ್ಯಾನೋ ಕಣ ಎಲೆಯ ಮೂಲಕ ನೇರ ಒಳಗೆ ಹೋಗುತ್ತದೆ ಎಂಬುದು ಅವರ ಮಾತು. ಪೋಲಾಗುವುದು ನಿಜ. ಆದರೆ ಪೋಲು ತಡೆದರೆ ಇದ್ದದ್ದು ಉಳಿಯುತ್ತದೆ, ಇಲ್ಲದ್ದು ಹುಟ್ಟುವುದಿಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2023ರಲ್ಲಿ ಇದನ್ನೇ ಪ್ರಶ್ನಿಸಿದರು. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷದ ಪ್ರಯೋಗದಲ್ಲಿ, ಯೂರಿಯಾ ಕಡಿಮೆ ಮಾಡಿ ಇದನ್ನು ಸಿಂಪಡಿಸಿದಾಗ ಭತ್ತದ ಇಳುವರಿ ಶೇ. 13ರಷ್ಟು ಕುಸಿಯಿತು. ಆಮೇಲೆ ಶೇ. 20 ಸಾರಜನಕದ ಬಾಟ್ಲಿ ಬಂತು. ಆಗಲೂ ಸಿಗುವುದು ಸುಮಾರು 100 ಗ್ರಾಂ.

ಹಾಗಂತ ನ್ಯಾನೋ ಅಂದರೆ ಬರೀ ಬೊಗಳೆ ಅಲ್ಲ. ಮದ್ರಾಸ್ ಐಐಟಿಯ ಪ್ರೊ. ಟಿ. ಪ್ರದೀಪ್ ಅವರ ತಂಡ ನೀರಿನಿಂದ ಕೀಟನಾಶಕ, ಆರ್ಸೆನಿಕ್ ತೆಗೆಯುವ ನ್ಯಾನೋ ಶೋಧಕಗಳನ್ನು ಮಾಡಿದೆ. ಅಲ್ಲಿ ನೀರನ್ನು ಮೊದಲೂ ಅಳೆಯಬಹುದು, ಆಮೇಲೂ ಅಳೆಯಬಹುದು. ವಿಜ್ಞಾನ ನಿಲ್ಲುವುದು ಆ ಅಳತೆಯ ಮೇಲೆ, ಲೇಬಲ್ಲಿನ ಮೇಲಲ್ಲ.

ನಮ್ಮ ಕರಾವಳಿಗೆ ಇನ್ನೊಂದು ತೊಡಕು: ಎಲೆಗೆ ಸಿಂಪಡಿಸಿದ್ದು ಆಷಾಢದ ಮಳೆಯಲ್ಲಿ ನಿಲ್ಲಬೇಕಲ್ಲ? ಪಂಜಾಬಿನ ಫಲಿತಾಂಶ ಇಲ್ಲಿಗೆ ಹಾಗೇ ಹೊಂದಬೇಕೆಂದಿಲ್ಲ, ಜಾಹೀರಾತಿನ ಫಲಿತಾಂಶವೂ ಅಷ್ಟೇ. ಬ್ರಹ್ಮಾವರದಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದೆ. ಬೈಲು ಗದ್ದೆಯಲ್ಲಿ ಮೂಟೆ, ಬಾಟ್ಲಿ ಎರಡನ್ನೂ ಅಕ್ಕಪಕ್ಕ ಪರೀಕ್ಷಿಸಿ, ಎಕರೆಗೆ ಎಷ್ಟು ಕ್ವಿಂಟಲ್ ಬಂತೆಂದು ಕನ್ನಡದಲ್ಲಿ ಪ್ರಕಟಿಸಲಿ. ಯೂರಿಯಾ ಸಬ್ಸಿಡಿಯ ಹೊರೆ ಇಳಿಸುವ ಆಸೆ ಸರ್ಕಾರಕ್ಕಿರುವುದು ತಪ್ಪಲ್ಲ. ಆದರೆ ಪ್ರಯೋಗದ ಖರ್ಚು ಗದ್ದೆಯವನ ತಲೆಗೆ ಬೀಳಬಾರದು.

ಮಾವನಿಗೆ ಹೇಳಿದ್ದು ಇಷ್ಟೇ: “ಬೇಕಾದರೆ ಒಂದು ಮೂಲೆಯಲ್ಲಿ ಹೊಡೆದು ನೋಡಿ ಮಾವ, ಮೂಟೆ ಮಾತ್ರ ಬಿಡಬೇಡಿ.”