ಹತ್ತನೆಯ ಮಗು ಎಲ್ಲಿಂದ ತರೋಣ?

ಕಳೆದ ಜೂನ್ ತಿಂಗಳಲ್ಲಿ ನಮ್ಮೂರಿನ ನಾಲ್ಕು ಜನ ಹಿರಿಯರು ಮನೆಮನೆ ತಿರುಗಿ ಒಂದು ಮಗುವನ್ನು ಹುಡುಕಿದೆವು. ಐದು ತುಂಬಿರಬೇಕು, ಒಂದನೇ ಕ್ಲಾಸಿಗೆ ಕನ್ನಡದಲ್ಲಿ ಸೇರಲು ಮನೆಯವರು ಒಪ್ಪಬೇಕು, ಅಷ್ಟೇ. ನಮ್ಮ ಬೀದಿಯ ಶಾಲೆಯಲ್ಲಿ ಆ ವರ್ಷ ಕನ್ನಡಕ್ಕೆ ಬಂದ ಮಕ್ಕಳು ಒಂಬತ್ತು. ಹತ್ತು ಆದರೆ ಮಾತ್ರ ಕನ್ನಡದ ತರಗತಿ, ಇಲ್ಲವಾದರೆ ಒಂಬತ್ತೂ ತಮಿಳು ತರಗತಿಯಲ್ಲೇ ಕೂರಬೇಕು ಅಂತ ಹೇಳಿ ಕಳಿಸಿದ್ದರು. ಉಳುಮೆ ಹೊತ್ತಿನಲ್ಲಿ ಒಂಟಿ ಎತ್ತಿನವನು ಜೊತೆ ಎತ್ತಿಗೆ ಅಲೆದ ಹಾಗೆ ಅಲೆದೆವು. ಪಕ್ಕದ ಮನೆಯ ಹೆಣ್ಣುಮಗಳು ಕೇಳಿದಳು: "ಏನು ಮಾವಾ ಇದು, ಸಂತೆಯಲ್ಲಿ ಕುರಿ ಎಣಿಸಿದ ಹಾಗೆ ಮಕ್ಕಳನ್ನ ಎಣಿಸ್ತಾರಲ್ಲ? ನನ್ನ ಮಗಳು ಒಬ್ಬಳೇ ಇದ್ದರೆ ಅವಳಿಗೆ ಓದೋ ಹಕ್ಕಿಲ್ವಾ?"

ಅವಳ ಪ್ರಶ್ನೆಗೆ ನನ್ನಲ್ಲಿ ಆಗ ಉತ್ತರ ಇರಲಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಪದ್ಯ ಕಟ್ಟುವವನಿಗೆ ಒಂದು ಮಾತು ತಲೆಗೆ ಹೊಕ್ಕರೆ ನಿದ್ದೆ ಬಾರದು. ಹೊಸೂರಿನ ವಕೀಲ ಮಿತ್ರರೊಬ್ಬರ ಹತ್ತಿರ ಕೂತು ನಮ್ಮ ಸಂವಿಧಾನ, ಅದರ ಜೊತೆಗೆ ಅಮೆರಿಕದ ಸಂವಿಧಾನ ಎರಡನ್ನೂ ಕೇಳಿ ತಿಳಿದುಕೊಂಡೆ. ತಿಳಿದದ್ದನ್ನು ಗಡಿಯ ಓದುಗರ ಮುಂದೆ ಇಡುತ್ತಿದ್ದೇನೆ.

ಮೊದಲು ಈ ಹತ್ತರ ಲೆಕ್ಕ ಎಲ್ಲಿಂದ ಬಂತು ಅಂತ ನೋಡೋಣ. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ತೀರ್ಮಾನ ಮಾಡಿದರು. ಒಂದು ಶಾಲೆಯಲ್ಲಿ ಬೇರೆ ಭಾಷೆಯ ಮಕ್ಕಳು 40 ಇದ್ದರೆ, ಇಲ್ಲವೇ ಒಂದು ತರಗತಿಯಲ್ಲಿ 10 ಇದ್ದರೆ, ಪ್ರಾಥಮಿಕ ಹಂತದಲ್ಲಿ ಅವರ ಮಾತೃಭಾಷೆಯಲ್ಲೇ ಪಾಠ ಮಾಡಲು ಮೇಷ್ಟರನ್ನು ಕೊಡಬೇಕು. ಆ ಕಾಲಕ್ಕೆ ಅದು ಉದಾರವಾದ ಮಾತೇ. ಹತ್ತು ಮಕ್ಕಳಿದ್ದರೆ ಕೊಡದೇ ಇರುವಂತಿಲ್ಲ ಎಂಬ ಭರವಸೆ ಅದು. ಎಪ್ಪತ್ತೈದು ವರ್ಷ ಉರುಳಿದ ಮೇಲೆ ಅದೇ ಮಾತು ತಿರುಗಿ, ಹತ್ತು ಇಲ್ಲದಿದ್ದರೆ ಕೊಡಬೇಕಾಗಿಲ್ಲ ಎಂದಾಗಿದೆ. ಏಣಿಯನ್ನೇ ಅಡ್ಡ ಹಾಕಿ ಬಾಗಿಲಿಗೆ ಅಗುಳಿ ಮಾಡಿದ ಹಾಗೆ.

ಈಗ ಅಮೆರಿಕದ ಕಥೆ. ಅವರ ಸಂವಿಧಾನ ಮೊದಲು ಬರೆದಾಗ ಅದರಲ್ಲಿ ಪ್ರಜೆಯ ಹಕ್ಕುಗಳ ಪಟ್ಟಿ ಇರಲಿಲ್ಲ. ಜನ ಸುಮ್ಮನಿರಲಿಲ್ಲ. 1791ರ ಡಿಸೆಂಬರ್‌ನಲ್ಲಿ ಹತ್ತು ತಿದ್ದುಪಡಿಗಳು ಒಟ್ಟಿಗೆ ಜಾರಿಗೆ ಬಂದವು. ಮೊದಲನೆಯದೇ ಗಟ್ಟಿ: ಧರ್ಮ, ಮಾತು, ಪತ್ರಿಕೆ, ಸಭೆ, ಸರ್ಕಾರಕ್ಕೆ ಅಹವಾಲು ಕೊಡುವುದು, ಇವುಗಳನ್ನು ಕಟ್ಟಿಹಾಕುವ ಕಾನೂನನ್ನು ಅಲ್ಲಿನ ಪಾರ್ಲಿಮೆಂಟು ಮಾಡಲೇಕೂಡದು. ನಮ್ಮ ಹೊಲಕ್ಕೆ ಬೇಲಿ ಹಾಕುವುದು ಊರ ದನ ನುಗ್ಗದಿರಲಿ ಅಂತ. ಅವರು ಬೇಲಿ ಹಾಕಿದ್ದು ಸರ್ಕಾರದ ದನ ನುಗ್ಗದಿರಲಿ ಅಂತ. ಆದರೆ ಆ ಬೇಲಿ ಮೊದಲಿಗೆ ಕೇಂದ್ರ ಸರ್ಕಾರಕ್ಕೆ ಮಾತ್ರ ಅಡ್ಡ. ರಾಜ್ಯಗಳಿಗೂ ಅಡ್ಡ ಬರಬೇಕಾದರೆ ಒಂದು ಅಂತರ್ಯುದ್ಧ ನಡೆದು, ಗುಲಾಮಗಿರಿ ಹೋಗಿ, 1868ರಲ್ಲಿ 14ನೇ ತಿದ್ದುಪಡಿ ಬರಬೇಕಾಯಿತು. ಕಾನೂನಿನ ಸರಿಯಾದ ಕ್ರಮವಿಲ್ಲದೆ ಯಾವ ರಾಜ್ಯವೂ ಯಾವೊಬ್ಬ ವ್ಯಕ್ತಿಯ ಜೀವ, ಸ್ವಾತಂತ್ರ್ಯ, ಆಸ್ತಿಯನ್ನು ಕಸಿಯಬಾರದು ಎನ್ನುತ್ತದೆ ಅದು. (ಬರೆದ ಮಾತ್ರಕ್ಕೆ ಎಲ್ಲ ಸರಿಹೋಯಿತು ಅಂತಲ್ಲ. ಕರಿಯರಿಗೆ ಮತದ ಹಕ್ಕು 1870ರಲ್ಲೇ 15ನೇ ತಿದ್ದುಪಡಿಯಲ್ಲಿ ಬಂದರೂ ದಕ್ಷಿಣದ ರಾಜ್ಯಗಳಲ್ಲಿ ಅದು ಕೈಗೆ ನಿಜವಾಗಿ ಸಿಕ್ಕಿದ್ದು 1965ರ ಕಾನೂನಿನ ನಂತರವೇ.)

ಈ 14ನೇ ತಿದ್ದುಪಡಿಯ ಮೇಲೆ ನಿಂತ ಒಂದು ಕೇಸು ಕೇಳಿ ನನಗೆ ನಮ್ಮೂರೇ ಕಣ್ಣಮುಂದೆ ಬಂತು. ನೆಬ್ರಾಸ್ಕ ಎಂಬುದು ಬೇಸಾಯದ ರಾಜ್ಯ, ಜೋಳ ಬೆಳೆಯುವ ಸೀಮೆ. ಅಲ್ಲಿ ಜರ್ಮನ್ ಮಾತಾಡುವ ರೈತ ಕುಟುಂಬಗಳು ಬೇಕಾದಷ್ಟು. ಮೊದಲನೇ ಮಹಾಯುದ್ಧ ಮುಗಿದಿತ್ತು, ಜರ್ಮನ್ ಎಂದರೆ ಎಲ್ಲರಿಗೂ ಸಿಟ್ಟು. 1919ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು: ಎಂಟನೇ ತರಗತಿ ಮುಗಿಸುವ ತನಕ ಯಾವ ಮಗುವಿಗೂ ಇಂಗ್ಲಿಷಲ್ಲದ ಭಾಷೆ ಕಲಿಸಕೂಡದು, ಖಾಸಗಿ ಶಾಲೆಯಲ್ಲೂ ಕೂಡದು. 1920ರ ಮೇ ತಿಂಗಳಲ್ಲಿ ರಾಬರ್ಟ್ ಮೇಯರ್ ಎಂಬ ಮೇಷ್ಟರು ಚರ್ಚಿನ ಶಾಲೆಯೊಂದರಲ್ಲಿ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸುತ್ತಿದ್ದರು. ಕೇಸು ಹಾಕಿ 25 ಡಾಲರ್ ದಂಡ ವಿಧಿಸಿದರು. ಮೇಷ್ಟರು ದಂಡ ಕಟ್ಟಿ ಸುಮ್ಮನಾಗಬಹುದಿತ್ತು. ಆಗಲಿಲ್ಲ. 1923ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಏಳು ಮಂದಿ ಒಂದು ಕಡೆ, ಇಬ್ಬರು ಒಂದು ಕಡೆ ಆಗಿ ತೀರ್ಪು ಕೊಟ್ಟಿತು. ಕಲಿಸುವುದು ಮೇಷ್ಟರ ಸ್ವಾತಂತ್ರ್ಯ, ತನ್ನ ಮಗುವಿಗೆ ಏನು ಕಲಿಸಬೇಕು ಎಂಬುದು ತಂದೆತಾಯಿಯ ಸ್ವಾತಂತ್ರ್ಯ. ಎಲ್ಲರೂ ಒಂದೇ ಭಾಷೆ ತಿಳಿಯಲಿ ಎಂಬ ಆಸೆ ಒಳ್ಳೆಯದೇ ಇದ್ದರೂ ಆ ಸ್ವಾತಂತ್ರ್ಯವನ್ನು ತುಳಿಯಬಾರದು ಎಂದರು.

ಗಮನಿಸಿ, ಆ ಕೋರ್ಟು ಜರ್ಮನ್ ಮಕ್ಕಳು ಎಷ್ಟಿದ್ದಾರೆ ಅಂತ ತಲೆ ಎಣಿಸಲಿಲ್ಲ. ಒಬ್ಬ ಮೇಷ್ಟರು, ಒಬ್ಬ ಹುಡುಗ. ಅಷ್ಟೇ ಸಾಕಾಯಿತು.

ನಮ್ಮ ಸಂವಿಧಾನ ಇದಕ್ಕೆ ಕಡಿಮೆಯೇನಲ್ಲ, ಕೆಲವು ಕಡೆ ಹೆಚ್ಚೇ. ನಮಗೆ ಮೂಲಭೂತ ಹಕ್ಕುಗಳು ತಿದ್ದುಪಡಿಯಿಂದ ಬಂದದ್ದಲ್ಲ, ಮೊದಲ ದಿನದಿಂದಲೇ ಇವೆ. 29ನೇ ವಿಧಿ ಭಾಷೆ, ಲಿಪಿ ಉಳಿಸಿಕೊಳ್ಳುವ ಹಕ್ಕು ಕೊಡುತ್ತದೆ. 30ನೇ ವಿಧಿ ಭಾಷಾ ಅಲ್ಪಸಂಖ್ಯಾತರು ಸ್ವಂತ ಶಾಲೆ ಕಟ್ಟುವ ಹಕ್ಕು ಕೊಡುತ್ತದೆ. ಭಾಷಾವಾರು ರಾಜ್ಯಗಳಾದ 1956ರಲ್ಲಿ, ಗಡಿಗಳಲ್ಲಿ ಸಿಕ್ಕಿಕೊಂಡ ನಮ್ಮಂಥವರನ್ನು ನೆನೆದು 7ನೇ ತಿದ್ದುಪಡಿ ಮಾಡಿದರು. ಅದರಿಂದ ಬಂದದ್ದು 350ಎ ಮತ್ತು 350ಬಿ. ಎರಡನೆಯದರಿಂದ ಭಾಷಾ ಅಲ್ಪಸಂಖ್ಯಾತರಿಗೆ ಒಬ್ಬ ಕಮಿಷನರ್ ಬಂದರು. ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಲು ಪ್ರತಿ ರಾಜ್ಯವೂ, ಪ್ರತಿ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು ಎನ್ನುತ್ತದೆ.

ಪ್ರಯತ್ನ! ಎಲ್ಲ ಇರುವುದು ಆ ಒಂದು ಮಾತಿನಲ್ಲಿ. ಅಮೆರಿಕದವರು "ಮಾಡಕೂಡದು" ಎಂದರು, ನಾವು "ಪ್ರಯತ್ನಿಸಿ" ಎಂದೆವು. ಸಾಲ ಕೊಟ್ಟವನ ಹತ್ತಿರ ಹೋಗಿ "ತೀರಿಸೋಕೆ ಪ್ರಯತ್ನ ಮಾಡ್ತೀನಿ" ಎಂದರೆ ಅವನು ನೋಟು ಬರೆಸಿಕೊಳ್ಳದೆ ಬಿಡುತ್ತಾನೆಯೇ? ಮುಂದೆ 2002ರ 86ನೇ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವೇ ಮೂಲಭೂತ ಹಕ್ಕಾಯಿತು, ಸಂತೋಷ. ಆದರೆ ಅದಕ್ಕಾಗಿ 2009ರಲ್ಲಿ ಮಾಡಿದ ಕಾಯ್ದೆಯಲ್ಲಿ ಮಾತೃಭಾಷಾ ಮಾಧ್ಯಮ "ಸಾಧ್ಯವಾದ ಮಟ್ಟಿಗೆ" ಅಂತ ಮತ್ತೆ ಜಾರಿಕೊಂಡರು. ಯಾರಿಗೆ ಸಾಧ್ಯವಾದ ಮಟ್ಟಿಗೆ? ಮಗುವಿಗೋ, ಆಫೀಸಿಗೋ?

ಇದರ ಫಲ ಏನಾಯಿತು ನೋಡಿ. ತಮಿಳುನಾಡು ಸರ್ಕಾರ 2006ರಲ್ಲಿ ತಮಿಳು ಕಲಿಕಾ ಕಾಯ್ದೆ ಮಾಡಿತು. ಆ ವರ್ಷ ಒಂದನೇ ತರಗತಿಗೆ ಸೇರಿದವರಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ಮೇಲೇರಿ, 2016ರಲ್ಲಿ ಹತ್ತನೇ ತರಗತಿ ಪರೀಕ್ಷೆಗೆ ಬಂತು. ತಮಿಳು ಕಲಿಯುವುದಕ್ಕೆ ನನ್ನ ತಕರಾರು ಖಂಡಿತ ಇಲ್ಲ. ರಾಯಕೋಟೆ ಮಂಡಿಯಲ್ಲಿ ಟೊಮೇಟೊ ಮಾರುವವನಿಗೆ ತಮಿಳು ಬಾರದಿದ್ದರೆ ನಷ್ಟ ಅವನಿಗೇ. ಪಟ್ಟಾ, ಚಿಟ್ಟಾ, ಅಡಂಗಲ್ ಎಲ್ಲ ತಮಿಳಿನಲ್ಲೇ ಇರುವಾಗ ಓದಲು ಬರಲೇಬೇಕು. ತಕರಾರು ಇಷ್ಟು: ತಮಿಳು ಕಲಿಸುವ ಮೇಷ್ಟರನ್ನೇ ಕೊಡದೆ ಎಷ್ಟೋ ಅಲ್ಪಸಂಖ್ಯಾತ ಶಾಲೆಗಳ ಮಕ್ಕಳನ್ನು ತಮಿಳು ಪರೀಕ್ಷೆಗೆ ಕೂರಿಸಲು ಹೊರಟರು. ಕನ್ನಡ, ತೆಲುಗು, ಉರ್ದು, ಮಲಯಾಳಂ ಮಕ್ಕಳ ಕಡೆಯವರು ಮದ್ರಾಸ್ ಹೈಕೋರ್ಟಿಗೆ ಹೋದರು, ವಿನಾಯಿತಿ ಸಿಕ್ಕಿತು. ಅದು ಮುಗಿದ ಮೇಲೆ ಮತ್ತೆ ಓಡಾಟ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ವರ್ಷದ ಮಟ್ಟಿಗೆ ಕೊಟ್ಟಿತು. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಕ್ಕು ಎಂದರೆ ಪಟ್ಟಾ ಜಮೀನು, ವಿನಾಯಿತಿ ಎಂದರೆ ವರ್ಷದ ಗುತ್ತಿಗೆ. ಗುತ್ತಿಗೆ ನೆಲದಲ್ಲಿ ಯಾರು ಮಾವಿನ ಸಸಿ ನೆಡುತ್ತಾರೆ?

ಇಲ್ಲಿ ನಮ್ಮ ತಾಲೂಕಿನವರೇ ಆದ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ರಾಜಾಜಿಯವರು ಹುಟ್ಟಿದ್ದು ಹೊಸೂರು ಹತ್ತಿರದ ತೊರಪಳ್ಳಿಯಲ್ಲಿ, 1878ರಲ್ಲಿ. ಮದ್ರಾಸ್ ಸರ್ಕಾರ ಒಂದು ಪತ್ರಿಕೆಯನ್ನು ತಡೆದದ್ದು ತಪ್ಪು ಎಂದು ಸುಪ್ರೀಂ ಕೋರ್ಟು 1950ರಲ್ಲಿ ಹೇಳಿತ್ತು. ಮರುವರ್ಷವೇ ನಮ್ಮ ಮೊದಲನೇ ತಿದ್ದುಪಡಿ ಬಂದು ಮಾತಿನ ಸ್ವಾತಂತ್ರ್ಯಕ್ಕೆ ಮೂಗುದಾರ ಹೆಚ್ಚಿಸಿತು. ಅಮೆರಿಕದ ಮೊದಲನೇ ತಿದ್ದುಪಡಿ ಪತ್ರಿಕೆಯನ್ನು ಕಾಯಲು, ನಮ್ಮದು ಅದನ್ನು ಬಿಗಿಯಲು. ಆಗ ಕೇಂದ್ರದ ಗೃಹಮಂತ್ರಿ ಇದೇ ರಾಜಾಜಿ. ಅದೇ ವರ್ಷ ಪತ್ರಿಕೆಗಳ ಮೇಲೆ ಹಿಡಿತದ ಕಾನೂನನ್ನು ತಂದವರೂ ಅವರೇ. 1959ರಲ್ಲಿ ಅವರೇ ಸ್ವತಂತ್ರ ಪಕ್ಷ ಕಟ್ಟಿ, ವ್ಯಕ್ತಿಯ ಮೇಲೆ ಸರ್ಕಾರದ ಕೈ ಅತಿಯಾಯಿತು ಅಂತ ದೇಶವೆಲ್ಲ ಕೂಗಿದರು. ಅಧಿಕಾರದಲ್ಲಿದ್ದಾಗ ಬೇಲಿ ಅಡ್ಡವಾಗಿ ಕಾಣುತ್ತದೆ, ಹೊರಗೆ ಬಂದ ಮೇಲೆ ಬೇಲಿ ಬೇಕೆನಿಸುತ್ತದೆ. ದೊಡ್ಡವರ ತಪ್ಪು ಎತ್ತಿ ಆಡುವುದಕ್ಕಲ್ಲ ಈ ಮಾತು. ಅವರಂಥವರಿಗೇ ಹೀಗಾದರೆ ಒಬ್ಬ ಸಾಮಾನ್ಯ ಅಧಿಕಾರಿಯ ಒಳ್ಳೆಯತನ ನಂಬಿ ಮಗುವಿನ ಓದನ್ನು ಬಿಡಲಾದೀತೇ?

ಆಸ್ತಿಯ ವಿಷಯವೂ ಹಾಗೇ. ನ್ಯಾಯವಾದ ಪರಿಹಾರ ಕೊಡದೆ ಜಮೀನು ಮುಟ್ಟಕೂಡದು ಅಂತ ಅಮೆರಿಕದ 5ನೇ ತಿದ್ದುಪಡಿ ಹೇಳುತ್ತದೆ. ನಮ್ಮಲ್ಲಿ 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಇಳಿಸಿತು. ಹೊಸೂರು ಸುತ್ತ ಕೈಗಾರಿಕೆಗೆ ಭೂಮಿ ಬಿಟ್ಟುಕೊಟ್ಟವರಿಗೆ ಇದರ ಅರ್ಥ ಗೊತ್ತು. ಅದು ಇನ್ನೊಂದು ದಿನದ ಮಾತು.

ಹತ್ತನೆಯ ಮಗುವಿಗೆ ಬರುತ್ತೇನೆ. ಕೊನೆಗೂ ಸಿಕ್ಕಿತು! ಗಾರೆ ಕೆಲಸದವರ ಮನೆಯ ಹುಡುಗಿ. ಮನೆಯಲ್ಲಿ ಮಾತು ತೆಲುಗು, ಬೀದಿಯಲ್ಲಿ ಕನ್ನಡ. ತಾಯಿ ಸಂತೋಷವಾಗಿ ಒಪ್ಪಿದಳು. ಹೆಸರು ಬರೆದುಕೊಟ್ಟರೆ ಬಂದ ಉತ್ತರ: ಈ ಮಗುವಿನ ಮಾತೃಭಾಷೆ ತೆಲುಗು, ಕನ್ನಡದ ಲೆಕ್ಕಕ್ಕೆ ಬರುವುದಿಲ್ಲ. ನನಗೆ ನಗುವೂ ಬಂತು, ಸಂಕಟವೂ ಆಯಿತು. ನಮ್ಮ ಮನೆ ಮಾತೂ ತೆಲುಗೇ. ನಾನು ಓದಿದ್ದು ಕನ್ನಡದಲ್ಲಿ, ಬರೆಯುವುದು ಎರಡರಲ್ಲೂ. ಈ ಲೆಕ್ಕದಲ್ಲಿ ನಾನು ಆ ಕಾಲಕ್ಕೆ ಎಷ್ಟನೆಯ ಮಗುವಾಗಿದ್ದೆನೋ! ತಳಿ, ಬಾಗಲೂರು, ಬೇರಿಕೆ, ಶೂಲಗಿರಿ ಕಡೆ ಮನೆಗೊಂದು ಭಾಷೆ ಅಂತ ಗೆರೆ ಎಳೆಯಲು ಹೊರಟವನು ಸಂಜೆಗೆ ಗೆರೆ ಬಿಟ್ಟು ಊಟಕ್ಕೆ ಕೂರಬೇಕಾದೀತು.

ಇದಕ್ಕೆ ಉತ್ತರ ಬಂದದ್ದು ನಾವು ನೆನೆಸದ ಕಡೆಯಿಂದ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕರ್ನಾಟಕ ಸರ್ಕಾರದ 1994ರ ಭಾಷಾ ಮಾಧ್ಯಮದ ಆದೇಶದ ವಿರುದ್ಧ ತೀರ್ಪು ಕೊಟ್ಟಿತು. ಕನ್ನಡಕ್ಕೆ ಪೆಟ್ಟು ಬಿತ್ತು ಅಂತ ಬೆಂಗಳೂರಿನಲ್ಲಿ ಬಹಳ ಜನ ನೊಂದರು, ನಾನೂ ನೊಂದೆ. ಆದರೆ ಅದೇ ತೀರ್ಪಿನಲ್ಲಿ ಒಂದು ಮಾತಿದೆ: 350ಎ ವಿಧಿಯಲ್ಲಿ ಮಾತೃಭಾಷೆ ಎಂದರೆ ಆ ರಾಜ್ಯದ ಭಾಷಾ ಅಲ್ಪಸಂಖ್ಯಾತರ ಭಾಷೆ, ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ತಂದೆತಾಯಿ ಅಥವಾ ಪೋಷಕರು. ತಮಿಳುನಾಡಿನಲ್ಲಿ ಕನ್ನಡ ಅಲ್ಪಸಂಖ್ಯಾತ ಭಾಷೆ. ಗಾರೆಯವನ ಹೆಂಡತಿ ಕನ್ನಡ ಅಂದರೆ ಕನ್ನಡವೇ. ಜೂಜುವಾಡಿ ಗಡಿಯ ಆಚೆ ಕಹಿಯಾದ ತೀರ್ಪು ಈಚೆ ನಮಗೆ ಊರುಗೋಲು.

ಹಾಗಂತ ನಮ್ಮ ಕಡೆಯವರು ಎರಡು ಸೇರು ಇಟ್ಟುಕೊಳ್ಳಬಾರದು, ಕೊಳ್ಳುವಾಗ ದೊಡ್ಡದು, ಕೊಡುವಾಗ ಚಿಕ್ಕದು. ಕರ್ನಾಟಕವೂ 2015ರಲ್ಲಿ ಕನ್ನಡ ಕಲಿಕೆ ಕಾಯ್ದೆ ಮಾಡಿದೆ. ಬಾಗೇಪಲ್ಲಿ, ಪಾವಗಡದ ತೆಲುಗು ಮಗು, ಕೆಜಿಎಫ್‌ನ ತಮಿಳು ಮಗು, ಬೆಳಗಾವಿಯ ಮರಾಠಿ ಮಗು ಕೇಳಿದಾಗಲೂ ಇದೇ ಸೇರಿನಲ್ಲಿ ಅಳೆಯಬೇಕು. ಕಾಸರಗೋಡಿನ ಕನ್ನಡಕ್ಕೆ ಅಳುವವರು ಕೋಲಾರದ ತೆಲುಗಿಗೆ ಕಿವಿ ಮುಚ್ಚಿದರೆ ಯಾರು ನಂಬುತ್ತಾರೆ? ಇನ್ನೊಂದು ತಪ್ಪು ಮನೆಯೊಳಗಿನದು. ಕನ್ನಡ ತರಗತಿಗೆ ಮಕ್ಕಳು ಒಂಬತ್ತಕ್ಕೆ ಇಳಿದದ್ದು ಸರ್ಕಾರದಿಂದ ಮಾತ್ರವಲ್ಲ. ನನ್ನ ಮಗನನ್ನೇ ನಾನು ಹಳದಿ ಬಸ್ಸು ಹತ್ತಿಸಿ ಇಂಗ್ಲಿಷ್ ಮೀಡಿಯಂಗೆ ಕಳಿಸಿದವನು. ಹುಡುಕಾಟದ ದಿನ ಒಬ್ಬರು ಮುಖಕ್ಕೇ ಕೇಳಿದರು, ನನ್ನಲ್ಲಿ ಮಾತಿರಲಿಲ್ಲ. ಆದರೆ ನಾನು ಬಿಟ್ಟೆ ಎಂಬ ಕಾರಣಕ್ಕೆ, ಬೇಕೆನ್ನುವ ಆ ಹೆಣ್ಣುಮಗಳಿಗೆ ಇಲ್ಲ ಎನ್ನಲು ಯಾರಿಗೂ ಅಧಿಕಾರವಿಲ್ಲ.

ಹಾಗಾಗಿ ನಾವು ಕೇಳುವುದು ಸಣ್ಣದು. ಹತ್ತು ಎಂಬುದು ಹೊಸ ಮೇಷ್ಟರ ಹುದ್ದೆಗೆ ಲೆಕ್ಕವಾಗಿರಲಿ, ಮಗುವಿನ ಹಕ್ಕಿಗೆ ಅಲ್ಲ. ಹತ್ತಕ್ಕಿಂತ ಕಡಿಮೆ ಇದ್ದರೆ ಎರಡು ಮೂರು ಊರಿಗೆ ಸೇರಿ ಒಬ್ಬ ಕನ್ನಡ ಮೇಷ್ಟರು ದಿನ ಬಿಟ್ಟು ದಿನ ಬರಲಿ, ತಮಿಳನ್ನೂ ಚೆನ್ನಾಗಿ ಕಲಿಸಲಿ. ತಾಯಿ ಹೇಳಿದ ಭಾಷೆಯನ್ನು ಅರ್ಜಿಯಲ್ಲಿ ಹಾಗೇ ಬರೆದುಕೊಳ್ಳಲಿ.

ತಮಿಳಿನಲ್ಲಿ ಅರ್ಜಿಗೆ 'ಮನು' ಅಂತಾರೆ. ಸೋಮವಾರ ಕೃಷ್ಣಗಿರಿ ಕಲೆಕ್ಟರ್ ಕಚೇರಿಯಲ್ಲಿ ಮನು ತೆಗೆದುಕೊಳ್ಳುವ ದಿನ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡಬಹುದು ಅಂತ 350ನೇ ವಿಧಿ ಇದೆ. ನಮ್ಮದನ್ನು ಕನ್ನಡದಲ್ಲೇ ಬರೆದಿದ್ದೇನೆ, ಓದುವವರಿಗೆ ಕಷ್ಟವಾಗದಿರಲಿ ಅಂತ ಹಿಂದೆ ತಮಿಳು ನಕಲು ಲಗತ್ತಿಸಿದ್ದೇನೆ. ಹತ್ತು ಸಹಿ ಇದೆ, ಹತ್ತನೆಯದು ಗಾರೆಯವನ ಹೆಂಡತಿಯ ಹೆಬ್ಬೆಟ್ಟು. ಹೂ ಕೊಯ್ದು ಮಾರ್ಕೆಟ್ಟಿಗೆ ಕಳಿಸಿದ ಮೇಲೆ ಎಂಟು ಗಂಟೆ ಬಸ್ಸಿಗೆ ಹೊರಡುತ್ತೇವೆ.