ಹಡಗಿನವರಿಗೆ ಒಂದು ದಿನದ ಕೊಡಗು



ಮಂಗಳೂರಿನಲ್ಲಿ ಪ್ರವಾಸದ ಏರ್ಪಾಡುಗಳನ್ನು ಮಾಡಿಸುವ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿಹಾರನೌಕೆಗಳ ಪ್ರಯಾಣಿಕರನ್ನು ಬೆಳಿಗ್ಗೆ ಇಳಿಸಿಕೊಂಡು, ಕೊಡಗನ್ನು ತೋರಿಸಿ, ಸಂಜೆಯೊಳಗೆ ಮರಳಿ ಹಡಗು ಹತ್ತಿಸಲು ಸಾಧ್ಯವೇ? ಹಾಗಾದರೆ ನಮ್ಮ ಶನಿವಾರಸಂತೆಯ ಸಂತೆಯನ್ನೂ ಅದರಲ್ಲಿ ಸೇರಿಸಬಹುದಲ್ಲವೇ? "ಸಂತೆ ನೋಡಿದರೆ ಅವರು ಬಹಳ ಖುಷಿಪಡುತ್ತಾರೆ ಸಾರ್" ಎಂದ. ಊರಿನ ಮೇಲಿನ ಅಭಿಮಾನದಿಂದಲೇ ಕೇಳಿದ್ದಾನೆ, ಸಂಶಯವಿಲ್ಲ. ಆದರೂ ಥಟ್ಟನೆ ಹೂಂ ಎನ್ನಲು ನಾಲಿಗೆ ಏಳಲಿಲ್ಲ. ಯೋಚಿಸಿ ಬರೆಯುತ್ತೇನೆ ಎಂದೆ. ಅವನಿಗೆ ಬರೆಯಬೇಕಾದುದನ್ನು ನಿಮ್ಮೆಲ್ಲರ ಮುಂದೆಯೂ ಇಡುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ಹೋಂಸ್ಟೇ ನಡೆಸುವವರು, ಬಾಡಿಗೆ ವಾಹನ ಓಡಿಸುವವರು.

ಆ ಬಂದರು 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಗಿ, 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡಿತು. ಕುದುರೆಮುಖದ ಅದಿರು ಹೋದದ್ದು ಅಲ್ಲಿಂದಲೇ. ಮಳೆಗಾಲ ಕಳೆದ ಮೇಲೆ ವಿಹಾರನೌಕೆಗಳೂ ಬರುತ್ತವೆ. ಕೊರೋನಾ ಕಾಲದಲ್ಲಿ ನಿಂತಿದ್ದ ಅವು 2022ರ ನವೆಂಬರಿನಲ್ಲಿ ಪುನಃ ಬರತೊಡಗಿದವು. ಪ್ರಯಾಣಿಕರಿಗೆ ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದ ಚಿತ್ರಗಳು, ಮೂಡಬಿದಿರೆಯ ಸಾವಿರ ಕಂಬದ ಬಸದಿ, 1432ರಲ್ಲಿ ಪ್ರತಿಷ್ಠಾಪಿತನಾದ ಕಾರ್ಕಳದ ಗೊಮ್ಮಟ ಇವುಗಳನ್ನು ತೋರಿಸುತ್ತಾರೆ. ಎಲ್ಲವೂ ಬಂದರಿನಿಂದ ಸಮೀಪದವು. ಒಂದು ಹಗಲಿಗೆ ತಕ್ಕ ಪ್ರವಾಸ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ.

ಇನ್ನು ಕೊಡಗಿನ ಲೆಕ್ಕ. ನಾನು ಗಣಿತದ ಮೇಷ್ಟ್ರು. ಲೆಕ್ಕ ಬಿಡಿಸದೆ ಅಭಿಪ್ರಾಯ ಹೇಳುವವನಲ್ಲ. ಹಡಗು ಬೆಳಿಗ್ಗೆ ಏಳಕ್ಕೆ ನಿಂತು ಸಂಜೆ ಆರಕ್ಕೆ ಹೊರಡುತ್ತದೆಂದು ಇಟ್ಟುಕೊಳ್ಳೋಣ. ಒಟ್ಟು ಹನ್ನೊಂದು ಗಂಟೆ. ಇಳಿಯುವುದಕ್ಕೆ, ಹತ್ತುವುದಕ್ಕೆ, ತಪಾಸಣೆಗೆ ಎರಡು ಗಂಟೆ ಕಳೆಯಿರಿ. ಪಣಂಬೂರಿನಿಂದ ಸಂಪಾಜೆ ಘಾಟಿಯ ಮೂಲಕ ಮಡಿಕೇರಿಗೆ ಸುಮಾರು 150 ಕಿಲೋಮೀಟರು. ದೊಡ್ಡ ಬಸ್ಸಿಗೆ ನಾಲ್ಕು ಗಂಟೆ. ಹೋಗಿ ಬರಲು ಎಂಟು. ಉಳಿದದ್ದು ಒಂದು ಗಂಟೆ. ಅದರಲ್ಲಿ ಊಟವೂ ಆಗಬೇಕು. ಮಡಿಕೇರಿಯಿಂದ ನಮ್ಮೂರಿಗೆ ಮತ್ತೆ ಎರಡು ಗಂಟೆ ಎಂದರೆ ಲೆಕ್ಕ ಋಣಸಂಖ್ಯೆಗೆ ಇಳಿಯುತ್ತದೆ. ಬಿಸಿಲೆ ಘಾಟಿಯ ಹಾದಿ ಇದೆಯಲ್ಲ ಎನ್ನುವಿರೇನೋ. ಇದೆ, ಆದರೆ ಐವತ್ತು ಜನರ ಬಸ್ಸಿಗಾಗಿ ಆದ ರಸ್ತೆಯಲ್ಲ ಅದು.

ನಾರ್ವೆ ದೇಶದ ಗೈರಾಂಗರ್ ಎಂಬ ಪುಟ್ಟ ಊರಿಗೂ ಹಡಗುಗಳು ಬರುತ್ತವೆ. ಅಲ್ಲಿ ಕಡಲ ತೋಳು ಬೆಟ್ಟದ ಬುಡದವರೆಗೂ ಚಾಚಿಕೊಂಡಿದೆ. ಇಳಿದವರು ಇಪ್ಪತ್ತು ಕಿಲೋಮೀಟರು ಬಸ್ಸಿನಲ್ಲಿ ಏರಿದರೆ 1,476 ಮೀಟರು ಎತ್ತರದ ಡಾಲ್ಸ್‌ನಿಬ್ಬಾ ಶಿಖರ. ಬೆಟ್ಟವೇ ಹಡಗಿನ ಬಾಗಿಲಿಗೆ ಬಂದಂತೆ. ನಮ್ಮ ಬೆಟ್ಟ ಹಾಗೆ ಬರುವುದಿಲ್ಲ. ಬರುವುದು ನೀರು ಮಾತ್ರ. ಪುಷ್ಪಗಿರಿಯ ಮಗ್ಗುಲಲ್ಲಿ ಹುಟ್ಟಿದ ಕುಮಾರಧಾರೆ ಮಲ್ಲಳ್ಳಿಯಲ್ಲಿ ಧುಮುಕಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಸಮುದ್ರ ಸೇರುತ್ತದೆ.

ಇಷ್ಟು ಹೇಳಿದವನು ನನ್ನ ತಪ್ಪೊಂದನ್ನು ಮುಚ್ಚಿಡಬಾರದು. ನಾನೂ ಒಮ್ಮೆ ನಲವತ್ತು ಮಕ್ಕಳನ್ನು ಕಟ್ಟಿಕೊಂಡು ಒಂದೇ ದಿನದಲ್ಲಿ ಮಂಗಳೂರು ತೋರಿಸಿ ತಂದವನು. ನಸುಕಿನ ಮೂರಕ್ಕೆ ಹೊರಟೆವು. ಕದ್ರಿ, ಬಂದರಿನ ಹೊರನೋಟ, ಪಣಂಬೂರು ಕಡಲತೀರ, ಎಲ್ಲವನ್ನೂ ಗಡಿಯಾರ ನೋಡಿಕೊಂಡೇ ಮುಗಿಸಿದೆವು. ಸಮುದ್ರದ ಬಳಿ ಕೊಟ್ಟದ್ದು ಇಪ್ಪತ್ತೈದು ನಿಮಿಷ. ಪೀಪಿ ಊದಿ ಊದಿ ನನ್ನ ಗಂಟಲೇ ಒಣಗಿತ್ತು. ಮರುವಾರ ಪ್ರವಾಸದ ಬಗ್ಗೆ ಪ್ರಬಂಧ ಬರೆಯಿಸಿದಾಗ ಹುಡುಗಿಯೊಬ್ಬಳು ಸಂಪಾಜೆಯಲ್ಲಿ ಬಸ್ಸಿನ ಚಕ್ರ ಪಂಕ್ಚರಾಗಿ ಹೊಳೆಬದಿಯಲ್ಲಿ ಕುಳಿತ ಒಂದು ಗಂಟೆಯನ್ನು ಎರಡು ಪುಟ ಬರೆದಿದ್ದಳು. ಸಮುದ್ರಕ್ಕೆ ಒಂದೇ ಸಾಲು. ವಿಷಯ ಬಿಟ್ಟು ಬರೆದಿದ್ದಾಳೆಂದು ಅಂಕ ಕಳೆದೆ. ಆಕೆ ಇದನ್ನು ಓದುತ್ತಿದ್ದರೆ ಆ ಅಂಕಗಳನ್ನು ಈಗ ವಾಪಸು ಕೊಟ್ಟಿದ್ದೇನೆ ಎಂದು ತಿಳಿಯಲಿ.

ಹಡಗಿನವರು ಬರದಿದ್ದರೂ ಒಂದು ದಿನದ ಪ್ರವಾಸಿಗರು ಕೊಡಗಿಗೆ ಬರುತ್ತಲೇ ಇದ್ದಾರೆ. ಬೆಂಗಳೂರಿನಿಂದ ರಾತ್ರಿ ಹೊರಟು, ಅಬ್ಬಿ, ರಾಜಾಸೀಟು, ದುಬಾರೆಗಳನ್ನು ಮುಟ್ಟಿ ಮರಳುವವರು. ಮಾಂದಲಪಟ್ಟಿಯನ್ನು ನೋಡಿರಿ. 2008ರ 'ಗಾಳಿಪಟ' ಚಲನಚಿತ್ರದಲ್ಲಿ ಅದು ಮುಗಿಲ್‌ಪೇಟೆಯಾಗಿ ಕಾಣಿಸಿದ ಮೇಲೆ ಅಲ್ಲಿ ಜೀಪುಗಳ ಸಾಲು ತಪ್ಪಿಲ್ಲ. ಆ ಜೀಪುಗಳಲ್ಲೊಂದನ್ನು ಓಡಿಸುವವನು ನನ್ನ ಬಳಿಯೇ ಮಗ್ಗಿ ಕಲಿತವನು. "ದಿನಕ್ಕೆ ಎಷ್ಟು ಸಲ ಹತ್ತಿಸಿದೆ ಎನ್ನುವುದೇ ಲೆಕ್ಕ ಸಾರ್, ಯಾರೂ ಬೆಟ್ಟದ ಹೆಸರು ಕೇಳುವುದಿಲ್ಲ, ಸಿನಿಮಾದ ಹೆಸರು ಕೇಳುತ್ತಾರೆ" ಎಂದು ನಕ್ಕಿದ್ದ. ಅವನ ಅನ್ನದ ಪ್ರಶ್ನೆಯನ್ನು ಮರೆತು ಪ್ರವಾಸಿಗರೇ ಬೇಡವೆನ್ನುವ ಅಧಿಕಾರ ಪಿಂಚಣಿ ಎಣಿಸುವ ನನಗಿಲ್ಲ. ಆದರೆ 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಬೆಟ್ಟಗಳು ಕುಸಿದು, ಮಂಗಳೂರಿನ ಹೆದ್ದಾರಿಯೇ ಮುಚ್ಚಿಹೋದುದನ್ನು ನಾವೆಲ್ಲ ಕಂಡಿದ್ದೇವೆ. ಅದೇ ಹೆದ್ದಾರಿಯಲ್ಲಿ, ಒಂದು ಗಂಟೆಯ ನೋಟಕ್ಕಾಗಿ, ಬಸ್ಸುಗಳ ಸಾಲೊಂದನ್ನು ಎಂಟು ಗಂಟೆ ಓಡಿಸುವುದನ್ನು ನಾನು ಒಪ್ಪಲಾರೆ.

ವೆನಿಸ್ ನಗರವು 2024ರ ಏಪ್ರಿಲಿನಿಂದ ಕೆಲವು ಆಯ್ದ ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಐದು ಯೂರೋ ಶುಲ್ಕ ಪಡೆಯಲಾರಂಭಿಸಿತು. ರಾತ್ರಿ ತಂಗುವವರಿಗೆ ಆ ಶುಲ್ಕವಿಲ್ಲ. ಅದೇ ವರ್ಷದ ಮೇ ತಿಂಗಳಿನಿಂದ ಊಟಿ, ಕೊಡೈಕೆನಾಲುಗಳಿಗೆ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ಇ-ಪಾಸ್ ಬಂತು. ನನಗೆ ವೆನಿಸ್ಸಿನವರ ಬುದ್ಧಿ ಹೆಚ್ಚು ಹಿಡಿಸಿತು: ತಂಗುವವನು ಊಟಕ್ಕೆ, ಹಾಸಿಗೆಗೆ, ಮರುದಿನದ ಕಾಫಿಗೆ ಊರಿನಲ್ಲೇ ಹಣ ಕೊಡುತ್ತಾನೆ, ಓಡುವವನು ತಂದ ಬುತ್ತಿಯನ್ನು ಉಂಡು ತಟ್ಟೆ ಎಸೆದು ಹೋಗುತ್ತಾನೆ.

ಉಳಿದದ್ದು ಸಂತೆ. ನಮ್ಮೂರಿಗೆ ಹೆಸರು ಕೊಟ್ಟದ್ದೇ ಅದು. ಹಡಗುಗಳು ಬರುವ ತಿಂಗಳುಗಳೇ ಕಾಫಿ ಕೊಯ್ಲಿನ ತಿಂಗಳುಗಳು. ವಾರದ ಬಟವಾಡೆಯನ್ನು ಸೆರಗಿನ ಗಂಟಿನಲ್ಲಿಟ್ಟುಕೊಂಡು ತೋಟಗಳಿಂದ ಬರುವ ಹೆಂಗಸರು ಹಸಿಮೆಣಸು, ಒಣಮೀನು, ಮಗುವಿಗೊಂದು ಲಂಗ ಎಂದು ಚೌಕಾಸಿ ಮಾಡುವ ದಿನ ಅದು. ಆ ಚೌಕಾಸಿ ಆಟವಲ್ಲ. ಎರಡು ರೂಪಾಯಿ ಉಳಿದರೆ ಉಳಿಯಿತು. ಅದರ ನಡುವೆ ಐವತ್ತು ಕ್ಯಾಮರಾಗಳು ಒಮ್ಮೆಗೇ ನುಗ್ಗಿ, ಇಪ್ಪತ್ತು ನಿಮಿಷದಲ್ಲಿ ಬಸ್ಸಿನ ಹಾರನ್ನು ಕೇಳಿ ಓಡಿಹೋಗುವುದು ನನಗೆ ಸಹ್ಯವಲ್ಲ. ಒಬ್ಬರೋ ಇಬ್ಬರೋ ಚೀಲ ಹಿಡಿದು ಬಂದರೆ ಸಂತೆ ಅವರನ್ನೂ ಗಿರಾಕಿಗಳೆಂದೇ ಕಾಣುತ್ತದೆ. ಬೆಲೆಯನ್ನೂ ಕೊಂಚ ಏರಿಸಿಯೇ ಹೇಳುತ್ತದೆ, ಅದು ಬೇರೆ ಮಾತು.

ನಿನ್ನೆ ಅವನಿಗೆ ಉತ್ತರ ಬರೆದೆ. ಹಡಗಿನವರನ್ನು ಕಾರ್ಕಳಕ್ಕೇ ಕರೆದೊಯ್ಯಪ್ಪಾ. ಅವರಲ್ಲಿ ಯಾರಾದರೂ ಮುಂದೊಮ್ಮೆ ನಾಲ್ಕು ದಿನ ಬಿಡುವು ಮಾಡಿಕೊಂಡು ಬಂದರೆ ನಮ್ಮ ಕಡೆಯ ಹೋಂಸ್ಟೇಗಳ ವಿಳಾಸ ಕೊಡುತ್ತೇನೆ ಎಂದಿದ್ದೇನೆ. ಅವನು ಊರಿಗೆ ಬಂದು ಆರು ವರ್ಷಗಳಾದವಂತೆ. ಮುಂದಿನ ವಾರ ಶುಕ್ರವಾರ ರಾತ್ರಿಯೇ ಬಂದು ನಮ್ಮ ಮನೆಯಲ್ಲಿ ತಂಗಬೇಕೆಂದೂ, ಬೆಳಿಗ್ಗೆ ಸಂತೆಗೆ ಬರುವಾಗ ಚೀಲ ತರಬೇಕೆಂದೂ ಕೊನೆಯಲ್ಲಿ ಸೇರಿಸಿದೆ.