ದಣಿದ ದೇಹಕ್ಕೆ ಮನಸ್ಸಿನ ಆಸರೆ

ಕಾಯವನ್ನು ಪ್ರಸಾದವೆಂದು ಭಾವಿಸುವ ಪರಂಪರೆ ನಮ್ಮದು. ದೇಹವನ್ನು ದಂಡಿಸಿ ಒಣಗಿಸುವುದನ್ನು ಶರಣರು ಒಪ್ಪಲಿಲ್ಲ. ಆಲಸ್ಯಕ್ಕೆ ಒಪ್ಪಿಸುವುದನ್ನೂ ಒಪ್ಪಲಿಲ್ಲ. ಇಂದು ನಮ್ಮ ಮನೆಗಳ ಮಕ್ಕಳು ದೂರದ ಓಟ, ಸೈಕಲ್ ಸವಾರಿ, ಈಜುಗಳಲ್ಲಿ ತೊಡಗುತ್ತಿರುವುದು ಸಂತೋಷದ ಸಂಗತಿ. ಆದರೆ ಹುರುಪಿನಿಂದ ಆರಂಭಿಸಿ ಕೆಲವೇ ವಾರಗಳಲ್ಲಿ ಕೈಬಿಡುವವರು ಹಲವರು. ಎಷ್ಟೋ ಸಲ ಕಾಲು ಸೋಲುವ ಮೊದಲೇ ಮನ ಸೋತಿರುತ್ತದೆ. ಆದುದರಿಂದ ದೀರ್ಘ ಶ್ರಮದ ಆಟಗಳಿಗೆ ಮನಸ್ಸನ್ನು ಅಣಿಗೊಳಿಸುವ ಬಗೆಯನ್ನು ಈ ಸಲ ಚಿಂತಿಸೋಣ.

ಒಳ್ಳೆಯ ಮನೋಭಾವವೆಂದರೆ ದಣಿವೇ ಇಲ್ಲವೆಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳುವುದೆಂದು ಕೆಲವರು ತಿಳಿದಿದ್ದಾರೆ. ಸುಳ್ಳಿನ ಮೇಲೆ ನಿಂತ ಧೈರ್ಯ ಬಹುದೂರ ಬಾರದು. ದಣಿವನ್ನು ದಣಿವೆಂದೇ ಅರಿತು, ಅದಕ್ಕೆ ಅಂಜದೆ, ಮುಂದಿನ ಹೆಜ್ಜೆಯನ್ನು ಇಡಬಲ್ಲ ಸ್ಥಿತಿಯೇ ನಿಜವಾದ ಮನೋಬಲ.

ಇಂಗ್ಲೆಂಡಿನ ಓಟಗಾರ್ತಿ ಪೌಲಾ ರಾಡ್‌ಕ್ಲಿಫ್ ಅವರ ಬಾಳು ಇದಕ್ಕೆ ತಕ್ಕ ನಿದರ್ಶನ. ಎಳವೆಯಿಂದಲೂ ಉಬ್ಬಸದ ತೊಂದರೆಯಿದ್ದ ಈಕೆ 2003ರ ಲಂಡನ್ ಮ್ಯಾರಥಾನಿನಲ್ಲಿ 42.195 ಕಿ.ಮೀ. ದೂರವನ್ನು 2 ಗಂಟೆ 15 ನಿಮಿಷ 25 ಸೆಕೆಂಡುಗಳಲ್ಲಿ ಕ್ರಮಿಸಿದರು. ಆ ವಿಶ್ವದಾಖಲೆ 2019ರವರೆಗೆ ಅಳಿಯದೆ ಉಳಿಯಿತು. ಓಟ ಕಠಿಣವಾದಾಗ ಆಕೆ ಮಾಡುತ್ತಿದ್ದುದು ಅತ್ಯಂತ ಸರಳವಾದ ಕೆಲಸ: ಮನದೊಳಗೆ ಒಂದರಿಂದ ನೂರರವರೆಗೆ ಎಣಿಸುವುದು. ಮೂರು ಸಲ ನೂರು ಮುಗಿದರೆ ಸುಮಾರು ಒಂದು ಮೈಲಿ ಕಳೆಯಿತೆಂದು ಆಕೆಯ ಲೆಕ್ಕ. ಉಳಿದ ದೂರದ ಭಯಕ್ಕೆ ಆಗ ಮನದಲ್ಲಿ ಎಡೆಯೇ ಇರುತ್ತಿರಲಿಲ್ಲ.

ಪಂಚಾಕ್ಷರಿಯ ಜಪ ಮಾಡುವವರಿಗೆ ಇದು ಅಪರಿಚಿತವೆನಿಸದು. ಜಪದ ಗುರಿ ಬೇರೆ, ಓಟದ ಗುರಿ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಅಲೆಯುವ ಮನಕ್ಕೆ ಒಂದು ಆಸರೆ ದೊರೆತರೆ ಅದು ನೆಲೆಗೊಳ್ಳುತ್ತದೆಂಬ ತತ್ತ್ವ ಎರಡು ಕಡೆಯೂ ಸಲ್ಲುತ್ತದೆ. ಯುಗಾದಿಯ ವೇಳೆಗೆ ಶ್ರೀಶೈಲ ಮಲ್ಲಿಕಾರ್ಜುನನ ಸನ್ನಿಧಿಗೆ ಪಾದಯಾತ್ರೆ ಹೊರಡುವ ಉತ್ತರ ಕರ್ನಾಟಕದ ಭಕ್ತರನ್ನು ನೋಡಿರಿ. ನೂರಾರು ಕಿಲೋಮೀಟರುಗಳ ಹಾದಿಯನ್ನು ಒಮ್ಮೆಗೇ ನೆನೆದರೆ ಯಾರ ಎದೆಯಾದರೂ ಅಳುಕೀತು. ಅವರು ನೆನೆಯುವುದು ಮುಂದಿನ ತಂಗುದಾಣವನ್ನು, ಅಲ್ಲಿ ಕಾದಿರುವ ದಾಸೋಹವನ್ನು. ದೊಡ್ಡ ದೂರ ಹೀಗೆ ಸಣ್ಣ ಸಣ್ಣ ದೂರಗಳಾಗಿ ಸವೆಯುತ್ತದೆ.

ತನ್ನೊಡನೆ ತಾನು ಆಡಿಕೊಳ್ಳುವ ಮಾತಿಗೂ ಬಲವಿದೆ. ಬ್ರಿಟನ್ನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 24 ಜನರಿಂದ ಬಳಲಿ ನಿಲ್ಲುವವರೆಗೂ ಸೈಕಲ್ ತುಳಿಸಲಾಯಿತು. ಅವರಲ್ಲಿ ಒಂದು ಗುಂಪಿನವರು ತಾವೇ ಆಯ್ದ ಧೈರ್ಯದ ನುಡಿಗಳನ್ನು ಮನದಲ್ಲಿ ಹೇಳಿಕೊಳ್ಳುವ ಅಭ್ಯಾಸವನ್ನು ಎರಡು ವಾರ ಮಾಡಿದರು. ಆ ಬಳಿಕ ಅವರು ತುಳಿಯಬಲ್ಲ ಅವಧಿ ಶೇಕಡಾ 18ರಷ್ಟು ಹೆಚ್ಚಿತು. ಮಾತಿನಿಂದ ಕಾಲಿಗೆ ಹೊಸ ಸ್ನಾಯು ಬರಲಿಲ್ಲ; ಶ್ರಮ ಮೊದಲಿಗಿಂತ ಹಗುರವಾಗಿ ತೋರಿತು, ಅಷ್ಟೆ. ಇಂಥ ನುಡಿ ಚಿಕ್ಕದಾಗಿರಲಿ, ತಾಯ್ನುಡಿಯಲ್ಲಿರಲಿ, ನಂಬಲು ಬರುವಂತಿರಲಿ. ನಿತ್ಯದ ಅಭ್ಯಾಸದಲ್ಲಿಯೇ ಅದು ರೂಢಿಯಾಗಬೇಕು. ಸ್ಪರ್ಧೆಯ ದಿನ ಹುಡುಕಿದರೆ ಸಿಗದು.

ಇನ್ನೊಂದು ಮಾತನ್ನು ನಾವು ಒತ್ತಿ ಹೇಳಬಯಸುತ್ತೇವೆ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಇದೇ ಪೌಲಾ ಸುಮಾರು 36 ಕಿ.ಮೀ. ಓಡಿ, ಮುಂದೆ ಸಾಗಲಾರದೆ ನಿಂತುಬಿಟ್ಟರು. ರಸ್ತೆಯ ಬದಿಯಲ್ಲಿ ಕುಳಿತು ಅತ್ತ ಆಕೆಯನ್ನು ಜಗತ್ತೇ ನೋಡಿತು. ಸೋತು ಬಿಟ್ಟರೆಂದು ಮೂದಲಿಸಿದವರೂ ಇದ್ದರು. ಮೂರು ತಿಂಗಳೊಳಗಾಗಿ ನ್ಯೂಯಾರ್ಕ್ ಮ್ಯಾರಥಾನಿನಲ್ಲಿ ಆಕೆಯೇ ಪ್ರಥಮರಾದರು. ನಿಲ್ಲುವುದು ಎಲ್ಲ ಸಲವೂ ಸೋಲಲ್ಲ. ಎದೆನೋವು, ತಲೆಸುತ್ತು, ಬಿಸಿಲಿನಲ್ಲಿ ಬುದ್ಧಿ ಮಂಕಾಗುವುದು, ಇವು ಮನಸ್ಸಿನ ದೌರ್ಬಲ್ಯಗಳಲ್ಲ, ದೇಹದ ಎಚ್ಚರಿಕೆಗಳು. ಆಗ ಕೂಡಲೇ ನಿಂತು ವೈದ್ಯರನ್ನು ಕಾಣಬೇಕು. ಧೈರ್ಯದ ನುಡಿಗಳಿಂದ ಇವನ್ನು ಮುಚ್ಚಿಹಾಕಿದರೆ ಪ್ರಾಣಕ್ಕೇ ಕುತ್ತು ಬಂದೀತು. ವಿಶ್ರಾಂತಿಯ ದಿನವನ್ನೂ ಅಭ್ಯಾಸದ ದಿನದಂತೆಯೇ ನೇಮದಿಂದ ಪಾಲಿಸಬೇಕು.

ಇಲ್ಲಿ ತಂದೆತಾಯಿಗಳ ಹೊಣೆ ದೊಡ್ಡದು. ಓಡಿ ಬಂದ ಮಗಳನ್ನು ಬಾಗಿಲಲ್ಲಿಯೇ ನಿಲ್ಲಿಸಿ, "ಎಷ್ಟನೆಯವಳಾದೆ?" ಎಂದು ಕೇಳುವುದು ವಾಡಿಕೆಯಾಗಿದೆ. ಸದಾ ಈ ಪ್ರಶ್ನೆಯನ್ನೇ ಕೇಳಿಸಿಕೊಂಡ ಮಗು ನೋವನ್ನು ಮುಚ್ಚಿಡಲು ಕಲಿಯುತ್ತದೆ. ಅದರ ಬದಲು, "ಬಾ ತಾಯಿ, ನೀರು ಕುಡಿ, ಇಂದು ಮೈ ಹೇಗಿತ್ತು, ಮನಸ್ಸು ಹೇಗಿತ್ತು?" ಎಂದು ಕೇಳಿರಿ. ನಿಜವನ್ನು ಅಂಜದೆ ಹೇಳಬಲ್ಲ ಮಗುವೇ ನಾಳೆಯೂ ಸಂತೋಷದಿಂದ ಹೊರಟು ನಿಲ್ಲುತ್ತದೆ. ಆ ಸಂತೋಷ ಉಳಿದರೆ ಅಭ್ಯಾಸವೂ ಉಳಿಯುತ್ತದೆ.